ವಿಶ್ವವಿದ್ಯಾಲಯದ ಕಚೇರಿಗೆ ನೆರವಾದ 'ಪೌನ್ಸ್' ಚಾಟ್‌ಬಾಟ್

ಕಾಲೇಜಿನಲ್ಲಿ ಸೀಟು ದೊರೆತ ಮಾತ್ರಕ್ಕೆ ವಿದ್ಯಾರ್ಥಿಯು ತರಗತಿಗೆ ಬಂದೇ ಬರುತ್ತಾನೆ ಎನ್ನುವಂತಿಲ್ಲ. ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿ ಪ್ರವೇಶ ಪಡೆದವರಲ್ಲಿ ಹಲವರು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಕಾಲೇಜಿನ ಆಸೆಯನ್ನೇ ಕೈಬಿಡುತ್ತಾರೆ. ಇದನ್ನು ಅಲ್ಲಿ 'ಸಮ್ಮರ್ ಮೆಲ್ಟ್', ಅಂದರೆ ಬೇಸಿಗೆಯಲ್ಲಿ ಕರಗಿಹೋಗುವುದು ಎಂದು ಕರೆಯುತ್ತಾರೆ. ಆರ್ಥಿಕ ನೆರವಿನ ಅರ್ಜಿ, ಲಸಿಕೆಯ ದಾಖಲೆ, ಶುಲ್ಕ ಪಾವತಿ, ಹಾಸ್ಟೆಲ್ ವ್ಯವಸ್ಥೆ ಹೀಗೆ ಒಂದರ ಹಿಂದೊಂದು ಕೆಲಸ ಎದುರಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ ಇದನ್ನೆಲ್ಲ ವಿವರಿಸಿ ಹೇಳುವವರು ಇರುವುದಿಲ್ಲ.

ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯವು ಈ ಸಮಸ್ಯೆಗೆ ಪರಿಹಾರವಾಗಿ 2016ರಲ್ಲಿ 'ಪೌನ್ಸ್' ಎಂಬ ಚಾಟ್‌ಬಾಟನ್ನು ಬಳಕೆಗೆ ತಂದಿತು. ಇದು ವಿಶ್ವವಿದ್ಯಾಲಯದ ಲಾಂಛನವಾದ ಪ್ಯಾಂಥರ್‌ನ ಹೆಸರು.

ಕೆಲಸ ಮಾಡುವ ರೀತಿ

ಪೌನ್ಸ್ ವಿದ್ಯಾರ್ಥಿಯ ಮೊಬೈಲಿಗೆ ಎಸ್ಸೆಮ್ಮೆಸ್ ಕಳುಹಿಸಿ ಬಾಕಿ ಉಳಿದ ಕೆಲಸವನ್ನು ನೆನಪಿಸುತ್ತದೆ. ವಿದ್ಯಾರ್ಥಿಯು ಹಗಲು ರಾತ್ರಿ ಎನ್ನದೆ ಯಾವ ಹೊತ್ತಿನಲ್ಲಿ ಪ್ರಶ್ನೆ ಕೇಳಿದರೂ ಉತ್ತರಿಸುತ್ತದೆ. ತನಗೆ ತಿಳಿಯದ ಪ್ರಶ್ನೆಯನ್ನು ಸಿಬ್ಬಂದಿಗೆ ದಾಟಿಸುತ್ತದೆ. ಸಿಬ್ಬಂದಿ ಕೊಟ್ಟ ಉತ್ತರ ಮುಂದಿನ ಬಳಕೆಗಾಗಿ ಸಂಗ್ರಹಕ್ಕೆ ಸೇರುತ್ತದೆ. ಮೊದಲ ಬೇಸಿಗೆಯಲ್ಲೇ ಅದು ಎರಡು ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಿತು. ಇಷ್ಟನ್ನು ದೂರವಾಣಿಯಲ್ಲಿ ಉತ್ತರಿಸುವುದು ಕಚೇರಿಯ ಸಿಬ್ಬಂದಿಗೆ ಸಾಧ್ಯವಾಗದ ಮಾತು.

ದೊರೆತ ಫಲ

ಸಂಶೋಧಕರಾದ ಲಿಂಡ್ಸೆ ಪೇಜ್ ಮತ್ತು ಹಂಟರ್ ಗೆಲ್‌ಬಾಕ್ ಇದರ ಬಗ್ಗೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲೇ ಓದುವುದಾಗಿ ಒಪ್ಪಿದ್ದವರ ಪೈಕಿ ಪೌನ್ಸ್ ಸಂದೇಶ ಪಡೆದವರು ಸಕಾಲದಲ್ಲಿ ದಾಖಲಾದ ಪ್ರಮಾಣವು ಪಡೆಯದವರಿಗಿಂತ ಶೇಕಡಾ 3.3 ಅಂಶಗಳಷ್ಟು ಹೆಚ್ಚಾಗಿತ್ತು. ಅಂಕಿ ಚಿಕ್ಕದಾಗಿ ಕಂಡರೂ ಪ್ರತಿ ನೂರರಲ್ಲಿ ಮೂವರ ವಿದ್ಯಾಭ್ಯಾಸ ಕಾಗದಪತ್ರಗಳ ತೊಡಕಿಗೆ ಸಿಕ್ಕಿ ನಿಂತುಹೋಗಲಿಲ್ಲ ಎಂಬುದು ಸಣ್ಣ ವಿಷಯವಲ್ಲ.

ಅಧ್ಯಾಪಕರಿಗೆ ನೆರವು

ಅದೇ 2016ರಲ್ಲಿ, ಅದೇ ನಗರದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಶೋಕ್ ಗೋಯಲ್ ಅವರು 'ಜಿಲ್ ವಾಟ್ಸನ್' ಎಂಬ ಸಹಾಯಕ ಬೋಧಕಿಯನ್ನು ತಮ್ಮ ಆನ್‌ಲೈನ್ ತರಗತಿಗೆ ತಂದರು. ಸುಮಾರು 300 ವಿದ್ಯಾರ್ಥಿಗಳು ಒಂದು ಅವಧಿಯಲ್ಲಿ ಹತ್ತು ಸಾವಿರದಷ್ಟು ಸಂದೇಶ ಬರೆಯುತ್ತಿದ್ದರು. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಜಿಲ್ ಉತ್ತರಿಸಿದ್ದರಿಂದ ಬೋಧಕರ ಹೊರೆ ಇಳಿಯಿತು. ಜಿಲ್ ಒಂದು ಯಂತ್ರ ಎಂಬುದು ಹೆಚ್ಚಿನ ವಿದ್ಯಾರ್ಥಿಗಳಿಗೆ ತಿಳಿದದ್ದು ಅವಧಿಯ ಕೊನೆಗೆ, ಅದೂ ಪ್ರಾಧ್ಯಾಪಕರೇ ಹೇಳಿದಾಗ.

ಗಮನಿಸಬೇಕಾದ ಅಂಶಗಳು

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಇಂಥ ಸೌಲಭ್ಯ ಒದಗಿಸುವುದು ಸುಲಭವಾಗಿದೆ. ಆದರೆ ಈ ಹೊಸ ಯಂತ್ರಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆ ಹೇಳಿಬಿಡುವುದುಂಟು. ಶುಲ್ಕದ ಕೊನೆಯ ದಿನಾಂಕವನ್ನು ಯಂತ್ರ ತಪ್ಪಾಗಿ ಹೇಳಿದರೆ ಸೀಟು ಕಳೆದುಕೊಳ್ಳುವವನು ವಿದ್ಯಾರ್ಥಿ. ಆದ್ದರಿಂದ ಉತ್ತರಗಳು ಸಂಸ್ಥೆಯ ಅಧಿಕೃತ ಮಾಹಿತಿಯಿಂದಲೇ ಬರಬೇಕು. ತಾನು ಮಾತನಾಡುತ್ತಿರುವುದು ಯಂತ್ರದೊಂದಿಗೆ ಎಂದು ವಿದ್ಯಾರ್ಥಿಗೆ ಮೊದಲೇ ತಿಳಿಸಬೇಕು. ಅವನ ವೈಯಕ್ತಿಕ ವಿವರಗಳು ಗುಟ್ಟಾಗಿ ಉಳಿಯಬೇಕು. ಮನನೊಂದ ವಿದ್ಯಾರ್ಥಿ ಬರೆದ ಸಂದೇಶ ತಡವಿಲ್ಲದೆ ಆಪ್ತ ಸಮಾಲೋಚಕರ ಕೈ ಸೇರಬೇಕು.

ಪೌನ್ಸ್‌ಗೆ ಯಶಸ್ಸು ದೊರೆತದ್ದು ಅದರ ಹಿಂದೆ ಉತ್ತರ ಕೊಡುವ ಸಿಬ್ಬಂದಿ ಇದ್ದುದರಿಂದ. ಯಂತ್ರ ಬಂತೆಂದು ಕಚೇರಿಯ ಬಾಗಿಲು ಮುಚ್ಚಿದರೆ, ನೆರವು ಹೆಚ್ಚು ಬೇಕಾದವರಿಗೇ ಅದು ತಪ್ಪಿಹೋಗುತ್ತದೆ.