ಉಗುರಿನಷ್ಟು ಬಣ್ಣ

ಕಳೆದ ದೀಪಾವಳಿಯ ಹಿಂದಿನ ಸಂಜೆ ಪುಣೆಯ ಕರ್ವೆನಗರದ ನಮ್ಮ ಮನೆಯಲ್ಲಿ ಮಗಳು ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತಿದ್ದಳು. ತುಳಶೀಬಾಗಿನ ಅಂಗಡಿಯಿಂದ ತಂದ ಮೂರು ಪುಟ್ಟ ಬಾಟಲಿ ಉಗುರುಬಣ್ಣ, ಬಣ್ಣವಿಲ್ಲದ ಇನ್ನೊಂದು ಬಾಟಲಿ, ನಾಲ್ಕು ಹಲ್ಲುಕಡ್ಡಿ, ಒಂದು ತಲೆಪಿನ್ನು, ಸೆಲ್ಲೊಟೇಪಿನ ಸುರುಳಿ. ಅವಳ ಸಲಕರಣೆಗಳೆಲ್ಲ ಇಷ್ಟೇ. ಉಗುರನ್ನು ಒರೆಸಿ ಎಣ್ಣೆಯ ಜಿಡ್ಡು ತೆಗೆದು, ಮೊದಲು ಬಣ್ಣವಿಲ್ಲದ ಲೇಪವೊಂದನ್ನು ಕೊಟ್ಟಳು. ಅದು ಒಣಗಿದ ಮೇಲೆ ತಿಳಿಗುಲಾಬಿಯ ಎರಡು ತೆಳು ಲೇಪ. ದಪ್ಪಗೆ ಒಮ್ಮೆಲೇ ಹಚ್ಚಿದರೆ ಒಳಗೆ ಒಣಗದೆ ಸುಕ್ಕುಗಟ್ಟುತ್ತದೆಂದು ನನಗೂ ಪಾಠವಾಯಿತು. ಬಳಿಕ ತಲೆಪಿನ್ನಿನ ಗುಂಡು ತುದಿಯನ್ನು ಬಿಳಿಯಲ್ಲಿ ಅದ್ದಿ ಐದು ಚುಕ್ಕಿ ಇಟ್ಟಳು. ನಡುವೆ ಹಲ್ಲುಕಡ್ಡಿಯ ಮೊನೆಯಿಂದ ಒಂದು ಹಳದಿ ಚುಕ್ಕಿ. ಹೂವಾಯಿತು. ಮತ್ತೊಂದು ಬೆರಳಿಗೆ ಟೇಪನ್ನು ಓರೆಯಾಗಿ ಅಂಟಿಸಿ, ಅರ್ಧಕ್ಕೆ ಬೇರೆ ಬಣ್ಣ ಬಳಿದು, ಟೇಪು ಕಿತ್ತಾಗ ಗೆರೆ ನೇರವಾಗಿ ಮೂಡಿತು. ಅಂಗಳದ ಚುಕ್ಕಿ ರಂಗೋಲಿ ಕಿರಿದಾಗಿ ಬೆರಳಿಗೆ ಬಂದು ಕುಳಿತಂತಿತ್ತು.

ಆಮೇಲೆ ಅವಳು ಅಜ್ಜಿಯ ಕಡೆಗೆ ತಿರುಗಿ, "ಅಜ್ಜಿ, ಕೈ ಕೊಡು" ಎಂದಳು. ಅವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದಳು: "ನನಗ್ಯಾಕವಾ ಇದು? ಈ ಕೈಗೆ ಇನ್ನ ಬಣ್ಣ ಬ್ಯಾಡ."

ಉಗುರಿಗೆ ಬಣ್ಣ ಹಚ್ಚುವ ಅಗ್ಗದ ಕಲೆ ಹೊಸದೇನಲ್ಲ. ಅದು ಯಾವ ಕೈಗೆ ಬೇಕು, ಯಾವ ಕೈಗೆ ಬೇಡ ಎಂಬ ಕಟ್ಟಳೆಯೂ ಹೊಸದಲ್ಲ. ಆ ರಾತ್ರಿ ನನ್ನನ್ನು ಕಾಡಿದ್ದು ಈ ಎರಡು ಚರಿತ್ರೆಗಳು ಒಂದೇ ಬೆರಳ ತುದಿಯಲ್ಲಿ ಸೇರುವ ಬಗೆ.

ನವಲಗುಂದದ ನಮ್ಮ ಮನೆಯ ಹಿತ್ತಿಲಲ್ಲಿ ಮದರಂಗಿಯ ಗಿಡವಿತ್ತು. ಮೈಸೂರು ಕಡೆಯವರು ಅದನ್ನು ಗೋರಂಟಿ ಎನ್ನುತ್ತಾರೆ. ಆಷಾಢದಲ್ಲಿ ಓಣಿಯ ಹುಡುಗಿಯರೆಲ್ಲ ಬಂದು ಸೊಪ್ಪು ಬಿಡಿಸುತ್ತಿದ್ದರು. ಅವ್ವ ಹುಣಸೆಹಣ್ಣು ಸೇರಿಸಿ ಒರಳಿನಲ್ಲಿ ಅರೆಯುತ್ತಿದ್ದಳು. ಅಂಗೈ ನಡುವೆ ಒಂದು ದುಂಡು ಚಂದ್ರ, ಸುತ್ತ ಚುಕ್ಕಿ, ಬೆರಳ ತುದಿಗೆ ಟೊಪ್ಪಿಗೆ. ಅಂದಿನ ವಿನ್ಯಾಸ ಅಷ್ಟೇ. ಮದರಂಗಿಯ ಬಣ್ಣ ಚರ್ಮದ ಮತ್ತು ಉಗುರಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಂಗೈಯ ಬಣ್ಣ ಚರ್ಮ ಸವೆದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ. ಉಗುರಿನದು ಹೋಗುವುದಿಲ್ಲ, ಬೆಳೆದು ಮುಂದೆ ಸರಿಯುತ್ತದೆ. ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವುದರಿಂದ ಆಷಾಢದ ಕೆಂಪು ಸಂಕ್ರಾಂತಿಯ ಹೊತ್ತಿಗೂ ತುದಿಯಲ್ಲಿ ಚಂದ್ರನ ಕಲೆಯಂತೆ ಉಳಿದಿರುತ್ತಿತ್ತು.

ಮದರಂಗಿಯೊಂದೇ ಅಲ್ಲ. ನಮ್ಮ ಹಿತ್ತಿಲುಗಳ ಕರ್ಣಕುಂಡಲದ ಹೂವನ್ನು ಪಟಕದೊಂದಿಗೆ ಜಜ್ಜಿ, ಉಗುರಿನ ಮೇಲಿಟ್ಟು ಎಲೆ ಸುತ್ತಿ ರಾತ್ರಿಯಿಡೀ ಬಿಡುವ ರೂಢಿ ದೂರದ ಕೊರಿಯದ ಹುಡುಗಿಯರಲ್ಲಿದೆ. ಅದೇ ಹೂವನ್ನು ಮರಾಠಿಗರು ತೇರಡಾ ಎಂದು ಕರೆದು ಭಾದ್ರಪದದ ಗೌರಿಗೆ ಏರಿಸುತ್ತಾರೆ. ಬೇಗ ಮಾಸುವ ಸೊಗಸಿಗೆ 'ತೇರಡ್ಯಾಚಾ ರಂಗ ತೀನ ದಿವಸ' ಎಂದು ಅವರಲ್ಲೊಂದು ಗಾದೆ; ತೇರಡಾದ ಬಣ್ಣ ಮೂರೇ ದಿನ.

ಉಗುರಿನ ಬಗ್ಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ನಡುವೆ ನಿಂತ ನಮ್ಮಂಥವರಿಗೆ ರಂಜಕವೆನಿಸುವ ಮಾತೊಂದು ವಾತ್ಸ್ಯಾಯನನ ಕಾಮಸೂತ್ರದಲ್ಲಿದೆ. ಅದರ ಎರಡನೆಯ ಅಧಿಕರಣದ ನಖಕ್ಷತದ ಅಧ್ಯಾಯದಲ್ಲಿ ಆತ ದೇಶಕ್ಕೊಂದು ಬಗೆಯ ಉಗುರನ್ನು ಹೇಳುತ್ತಾನೆ. ಗೌಡದೇಶದವರದು ಉದ್ದ, ಕೈಗೆ ಶೋಭೆ ಕೊಡುವಂಥದ್ದು. ದಾಕ್ಷಿಣಾತ್ಯರದು ಗಿಡ್ಡ, ಆದರೆ ಕೆಲಸಕ್ಕೆ ತಾಳುವಂಥದ್ದು. ಮಹಾರಾಷ್ಟ್ರದವರದು ನಡುವಿನದು, ಎರಡೂ ಗುಣವುಳ್ಳದ್ದು. ಮೈ, ಬಟ್ಟೆ, ಹಲ್ಲುಗಳಿಗೆ ಬಣ್ಣ ಕಟ್ಟುವುದನ್ನು ಆತ ಅರವತ್ತನಾಲ್ಕು ಕಲೆಗಳಲ್ಲಿ ಒಂದಾಗಿ ಎಣಿಸುತ್ತಾನೆ. ನಗರದ ರಸಿಕ ಪುರುಷ ಬೆಳಗಿನಲ್ಲಿ ಮೇಣವನ್ನೂ ಅರಗಿನಿಂದ ಮಾಡಿದ ಅಲಕ್ತಕವೆಂಬ ಕೆಂಪನ್ನೂ ಹಚ್ಚಿಕೊಂಡು ಕನ್ನಡಿ ನೋಡಿಕೊಳ್ಳುತ್ತಾನೆ. ಬಣ್ಣ ಹೆಣ್ಣಿನ ಸ್ವತ್ತೆಂಬುದಾಗಲಿ, ಅದರಲ್ಲೂ ಗಂಡನುಳ್ಳ ಹೆಣ್ಣಿನ ಸ್ವತ್ತೆಂಬುದಾಗಲಿ ಆ ಪುಟಗಳಲ್ಲಿ ಕಾಣುವುದಿಲ್ಲ.

ಉದ್ದ ಉಗುರು ಬಿಡುವಿನ ಗುರುತು, ಗಿಡ್ಡ ಉಗುರು ದುಡಿಮೆಯ ಗುರುತು ಎಂಬ ಸೂಚನೆ ಮಾತ್ರ ಅಲ್ಲಿದೆ. ಇದಕ್ಕೆ ಪುಣೆಯಲ್ಲೇ ಒಂದು ವಿಚಿತ್ರ ಸಾಕ್ಷಿ ಸಿಗುತ್ತದೆ. ಇಲ್ಲಿನ ಛಾಯಾಗ್ರಾಹಕ ಶ್ರೀಧರ ಚಿಲ್ಲಾಳರು ಶಾಲೆಯಲ್ಲಿದ್ದಾಗ ಶಿಕ್ಷಕರೊಬ್ಬರ ಉದ್ದನೆಯ ಉಗುರು ತಮ್ಮಿಂದ ಮುರಿದದ್ದಕ್ಕೆ ಬೈಸಿಕೊಂಡು, ಆ ಛಲಕ್ಕೆ 1952ರಿಂದ ಎಡಗೈಯ ಉಗುರು ಕತ್ತರಿಸುವುದನ್ನೇ ನಿಲ್ಲಿಸಿದರು. ಐದು ಉಗುರುಗಳ ಒಟ್ಟು ಉದ್ದ 909.6 ಸೆಂಟಿಮೀಟರು ತಲುಪಿ ಗಿನ್ನೆಸ್ ದಾಖಲೆಯಾಯಿತು. 2018ರ ಜುಲೈಯಲ್ಲಿ, 82ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಅವನ್ನು ಕತ್ತರಿಸಲಾಯಿತು. ಅಷ್ಟು ಹೊತ್ತಿಗೆ ಆ ಎಡಗೈ ಮತ್ತೆ ಸರಿಯಾಗಿ ತೆರೆಯದಂತಾಗಿತ್ತು. ಅವರ ಬದುಕು ನಡೆದದ್ದು ಬಲಗೈಯಿಂದ. ಎರಡೂ ಕೈ ನೀರಿನಲ್ಲಿ, ಹಿಟ್ಟಿನಲ್ಲಿ, ಬೂದಿಯಲ್ಲಿ ಇರಬೇಕಾದವರಿಗೆ ಅಂಥ ಛಲ ಎಟುಕುವಂಥದ್ದಲ್ಲ. ಅವ್ವನದು ವಾತ್ಸ್ಯಾಯನ ಹೇಳಿದ ಗಿಡ್ಡ, ಗಟ್ಟಿ ಉಗುರು; ಮಗಳು ಇಡುವ ಚುಕ್ಕಿಗೆ ಅಷ್ಟು ಜಾಗ ಸಾಕು.

ಬಾಟಲಿಯ ಬಣ್ಣ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದಲ್ಲಿ 1911ರಲ್ಲಿ ಉಗುರಿನ ಬುಡದ ಪೊರೆ ಮೆದುಮಾಡುವ ದ್ರವವಾಗಿ ಹುಟ್ಟಿದ ಕ್ಯೂಟೆಕ್ಸ್, 1917ರಲ್ಲಿ ದ್ರವರೂಪದ ಉಗುರುಬಣ್ಣವನ್ನು ಮಾರತೊಡಗಿತು. ನಮ್ಮ ಊರುಗಳಲ್ಲಿ ಯಾವ ಕಂಪನಿಯ ಬಾಟಲಿಯಾದರೂ ಅದು 'ಕ್ಯೂಟೆಕ್ಸ್' ಎಂದೇ ಹೆಸರಾದುದು ಹೀಗೆ. ಮುಂದೆ ಟಾಟಾ ಆಯಿಲ್ ಮಿಲ್ಸ್ 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿತು. ಆ ಹೆಸರು ಫ್ರೆಂಚ್ ಸಂಗೀತಗಾರ ದೆಲೀಬ್ 1883ರಲ್ಲಿ ರಂಗಕ್ಕೆ ತಂದ ಗೀತನಾಟಕದ ನಾಯಕಿಯದು. ನಮ್ಮ ಲಕ್ಷ್ಮಿಯೇ ಪ್ಯಾರಿಸ್ಸಿಗೆ ಹೋಗಿ, ವೇಷ ಬದಲಿಸಿ, ಬಾಟಲಿಯಲ್ಲಿ ಮರಳಿದಳು.

ಬಾಟಲಿಯ ಒಳಗಿರುವುದು ಸಾಮಾನ್ಯವಾಗಿ ದ್ರಾವಕದಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸು. ದ್ರಾವಕ ಆರಿದಾಗ ಹಿಂದೆ ಉಳಿಯುವ ಹೊಳಪಿನ ಪೊರೆಯೇ ಉಗುರುಬಣ್ಣ. ಅದೇ ವಸ್ತುವಿನಲ್ಲಿ ನೈಟ್ರೋಜನ್ನಿನ ಅಂಶ ಹೆಚ್ಚಾದರೆ ಅದು ಹೊಗೆಯಿಲ್ಲದ ಸಿಡಿಮದ್ದಿಗೆ ಬಳಸುವ ಗನ್‌ಕಾಟನ್. 1869ರಿಂದ ಮದ್ದುಗುಂಡಿನ ಕಾರ್ಖಾನೆ ಇರುವ ಖಡಕಿಯ ಊರಿನವರು ನಾವು. ದೀಪಾವಳಿಯ ಸಂಜೆ ಹಣತೆಯಿಂದ ದೂರ ಕೂತು ಹಚ್ಚಿಕೋ ಎಂದು ಮಗಳಿಗೆ ಹೇಳಲು ನನಗೆ ಅಷ್ಟು ರಸಾಯನ ಸಾಕಾಯಿತು.

ಹಿತ್ತಿಲ ಸೊಪ್ಪಿಗೆ ದುಡ್ಡಿಲ್ಲ, ಬಾಟಲಿಗೂ ಹೆಚ್ಚೇನಿಲ್ಲ. ಹಾಗಿದ್ದರೆ ಅವ್ವನ ಕೈ ಸೆರಗಿನೊಳಗೆ ಏಕೆ ಹೋಯಿತು?

ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಬಂಧುಗಳು ಅವಳ ಬಳೆ ಒಡೆದು, ಕುಂಕುಮ ಒರೆಸಿ, ಕಾಲುಂಗುರ ತೆಗೆದರು. ಉಗುರಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ; ಹೇಳಬೇಕಾಗಿಯೂ ಇರಲಿಲ್ಲ. ಮುಂದಿನ ಆಷಾಢದಲ್ಲಿ ಓಣಿಯ ಹುಡುಗಿಯರು ಬಂದಾಗ ಅವ್ವ ಸೊಪ್ಪು ಕೊಟ್ಟಳು, ಒರಳು ತೋರಿಸಿದಳು, ತಾನು ಅರೆಯಲಿಲ್ಲ. ಮದರಂಗಿ ಅರೆದವರ ಕೈ ಹೇಗಿದ್ದರೂ ಕೆಂಪಾಗುತ್ತದೆಯಲ್ಲ. ನಾನಾಗ ಮೂವತ್ತರ ಗಂಡಸು, ಇಂಗ್ಲಿಷ್ ಎಂ.ಎ. ಪದವೀಧರ. ಹೆಣ್ಣಿಗೆ ತನ್ನದೇ ಆದ ಒಂದು ಕೋಣೆ ಬೇಕೆಂದ ವರ್ಜೀನಿಯಾ ವೂಲ್ಫ್‌ಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು. ಆ ಹನ್ನೊಂದನೆಯ ದಿನ ಬಾಗಿಲ ಬಳಿ ನಿಂತಿದ್ದೆ, ಬಾಯಿ ತೆರೆಯಲಿಲ್ಲ.

ಈಗ ನಾವಿರುವ ನೆಲದ ಹಳೆಯ ಹೆಸರು ಹಿಂಗಣೆ. ಧೋಂಡೋ ಕೇಶವ ಕರ್ವೆ 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಸ್ಥಾಪಿಸಿದ ಆಶ್ರಮ 1900ರಲ್ಲಿ ಇಲ್ಲಿಗೆ ಬಂತು. ಅದಕ್ಕೂ ಮೊದಲೇ, 1893ರಲ್ಲಿ, ಅವರು ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾಗಿ ಸ್ವಂತ ಊರಿನವರ ಬಹಿಷ್ಕಾರಕ್ಕೆ ಗುರಿಯಾಗಿದ್ದರು. ಆ ಗೋದೂಬಾಯಿ ಓದಿದ್ದು ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ. ರಮಾಬಾಯಿ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ವಿಧವೆಯ ತಲೆಗೂದಲಿಗಾಗಿ, ಓದಿಗಾಗಿ, ಮರುಮದುವೆಗಾಗಿ ಹೋರಾಡಿದ ಊರು ಇದು. ಆದರೂ ಕಟ್ಟಳೆ ಉಗುರಿನಷ್ಟು ಜಾಗದಲ್ಲಿ ಉಳಿದುಕೊಂಡಿತು. ಕರ್ನಾಟಕದ ಗಡಿಗೆ ತಾಗಿದಂತಿರುವ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡದ ಗ್ರಾಮಸಭೆ, ಬಳೆ ಒಡೆಯುವುದನ್ನೂ ಕುಂಕುಮ ಒರೆಸುವುದನ್ನೂ ನಿಲ್ಲಿಸಬೇಕೆಂದು ಠರಾವು ಮಾಡಿದ್ದು 2022ರ ಮೇ ತಿಂಗಳಲ್ಲಿ. ಅದೇ ದಾರಿ ಹಿಡಿಯುವಂತೆ ಉಳಿದ ಗ್ರಾಮಗಳಿಗೂ ಮಹಾರಾಷ್ಟ್ರ ಸರ್ಕಾರ ಆ ತಿಂಗಳಲ್ಲೇ ಸುತ್ತೋಲೆ ಹೊರಡಿಸಿತು. ಸುತ್ತೋಲೆಗಳ ನಡುವೆಯೇ ಹೊಟ್ಟೆ ಹೊರೆಯುವ ನನಗೆ ಅವುಗಳ ಬಲವೂ ಗೊತ್ತು, ಮಿತಿಯೂ ಗೊತ್ತು. ಸೆರಗಿನೊಳಗಿನ ಕೈಯನ್ನು ಹೊರಗೆ ಕರೆಯುವುದು ಸುತ್ತೋಲೆಯ ಕೆಲಸವಲ್ಲ.

ಕರೆದದ್ದು ಮೊಮ್ಮಗಳು. ಅವಳಿಗೆ ಈ ಚರಿತ್ರೆ ಯಾವುದೂ ಗೊತ್ತಿರಲಿಲ್ಲ. ಅಜ್ಜಿ ನಾಚುತ್ತಿದ್ದಾಳೆಂದೇ ತಿಳಿದಳು. ಎರಡು ದಿನ ಬಿಡದೆ ಕಾಡಿದಳು. ಬಲಿಪಾಡ್ಯಮಿಯ ಮಧ್ಯಾಹ್ನ ಅವ್ವ ಎಡಗೈ ಚಾಚಿ, "ಕೆಂಪ ಬ್ಯಾಡ" ಎಂದಳು. ತಿಳಿಗುಲಾಬಿಯ ಎರಡು ಲೇಪ, ಹೆಬ್ಬೆರಳಿಗೊಂದು ಬಿಳಿ ಹೂವು. ಒಣಗುವವರೆಗೆ ಅವ್ವ ಬೆರಳು ಅಗಲಿಸಿ ಕುಳಿತಿದ್ದಳು. ಕೆಲಸವಿಲ್ಲದೆ ಅವಳ ಕೈ ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಹಿಂದೆ ಕಂಡ ನೆನಪಿಲ್ಲ.

ತುಳಸಿಯ ಮದುವೆಯಾದ ಮರುವಾರ ನವಲಗುಂದದಲ್ಲಿ ಬಂಧುಗಳ ಮದುವೆಯೊಂದಿತ್ತು. ಹೊರಡುವ ಹಿಂದಿನ ದಿನ ಅವ್ವ ನನ್ನನ್ನು ಕರೆದು, ಬಣ್ಣ ತೆಗೆಯುವ ಔಷಧ ತರಲು ಹೇಳಿದಳು. ಏಕೆಂದು ನಾನು ಕೇಳಲಿಲ್ಲ. ಅಂಗಡಿಗೆ ಹೋಗಿ ರಿಮೂವರಿನ ಬಾಟಲಿ, ಒಂದಿಷ್ಟು ಹತ್ತಿ ತಂದು ಅವಳ ಮುಂದಿಟ್ಟೆ. ಈ ಸಲವಾದರೂ ಏನಾದರೂ ಹೇಳಬೇಕೆಂದುಕೊಂಡಿದ್ದೆ. "ಅವ್ವಾ, ಇರ್ಲಿ ಬಿಡು" ಎಂಬಷ್ಟೇ ಮಾತು ಹೊರಟಿತು.

ಅವ್ವ ಹತ್ತಿಯನ್ನು ಬಿಡಿಸಿ ನೋಡಿದಳು, ಮತ್ತೆ ಕಾಗದದಲ್ಲಿ ಸುತ್ತಿದಳು. ಪಾತ್ರೆ, ಬಟ್ಟೆಗಳ ನಡುವೆ ನಾಲ್ಕು ಬೆರಳಿನ ಬಣ್ಣ ಆಗಲೇ ಅಂಚಿನಲ್ಲಿ ಸಿಪ್ಪೆ ಎದ್ದಿತ್ತು. ಹೆಬ್ಬೆರಳ ಹೂವು ಮಾತ್ರ ನೆಟ್ಟಗಿತ್ತು. "ಊರ ಮುಟ್ಟೂದ್ರಾಗ ಅದ ಉದರತೈತಿ ತಗೋ" ಎಂದಳು.

ಉದುರಲಿಲ್ಲ. ಅಕ್ಷತೆ ಹಾಕಲು ಅವಳು ಕೈಯೆತ್ತಿದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ.