ಸಿದ್ರಾಪೊಂಗ್ ಜಲವಿದ್ಯುದಾಗಾರ

ಭಾರತದ ಪ್ರಥಮ ಜಲವಿದ್ಯುದಾಗಾರ ಯಾವುದೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಶಿವನಸಮುದ್ರವೆಂದೇ ಉತ್ತರಿಸುತ್ತಾರೆ. ಈ ಉತ್ತರವನ್ನು ನಾವು ತಿದ್ದಿಕೊಳ್ಳುವುದು ಅಗತ್ಯ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು 1902ರಲ್ಲಿ. ಡಾರ್ಜಿಲಿಂಗ್ ಪಟ್ಟಣದ ಕೆಳಗೆ, ಆರ್ಯ ಚಹಾತೋಟದ ತಪ್ಪಲಿನಲ್ಲಿರುವ ಸಿದ್ರಾಪೊಂಗ್ ವಿದ್ಯುದಾಗಾರವಾದರೋ 1897ರ ನವೆಂಬರ್ 10ರಂದೇ ಆರಂಭವಾಗಿದ್ದಿತು.

ಇದು ಡಾರ್ಜಿಲಿಂಗ್ ಪುರಸಭೆಯ ಉದ್ಯಮ. ಊರಿಗೆ ದೀಪವೊದಗಿಸುವುದೇ ಅದರ ಉದ್ದೇಶ. ತಲಾ 65 ಕಿಲೋವ್ಯಾಟಿನ ಎರಡು ಯಂತ್ರಗಳು, ಒಟ್ಟು 130 ಕಿಲೋವ್ಯಾಟ್. ಇಂದಿನ ಲೆಕ್ಕದಲ್ಲಿ ಅತ್ಯಲ್ಪವೇ ಸರಿ. ಬೆಟ್ಟದ ತೊರೆಗಳಲ್ಲಿ ನೀರು ಹೆಚ್ಚಿರದಿದ್ದರೂ ಅದರ ಇಳಿತ ಕಡಿದಾದುದು. ಆ ಇಳಿತವೇ ಇಲ್ಲಿನ ಬಂಡವಾಳ. ಕಣಿವೆಯಲ್ಲಿ ಹುಟ್ಟಿದ ವಿದ್ಯುತ್ತು 2300 ವೋಲ್ಟಿನ ಒತ್ತಡದಲ್ಲಿ ತಂತಿಯ ಮೂಲಕ ಮೇಲಣ ಪಟ್ಟಣಕ್ಕೆ ಏರಬೇಕಾಗಿದ್ದಿತು.

ಈ ತಿದ್ದುಪಡಿಯಿಂದ ಮೈಸೂರು ಸಂಸ್ಥಾನದ ಕೀರ್ತಿಗೆ ಕುಂದೇನೂ ಇಲ್ಲ. ಸುಮಾರು 92 ಮೈಲಿ ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಸಾಹಸ ಅದರದೇ. ಆದರೆ ಅಲ್ಲಿ ಗಣಿಗೆ ಮೊದಲ ಮಣೆ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು 1905ರಲ್ಲಿ. ಡಾರ್ಜಿಲಿಂಗಿನ ನಾಗರಿಕರಿಗೆ ಅಷ್ಟು ಹೊತ್ತಿಗೆ ವಿದ್ಯುದ್ದೀಪವು ಎಂಟು ವರ್ಷದ ಹಳೆಯ ಸಂಗತಿ.