ಕೆರಿ ಉಳೀಬೇಕಂದ್ರ ಕೆರಿಗೊಂದು ಗಳಿಕೆ ಬೇಕು

ಈ ಸಲ ಬೆಳಿ ಮಾತು ಬಿಟ್ಟು ಕೆರಿ ಮಾತು, ಅದರಾಗೂ ಕೆರಿ ಮೀನಿನ ಮಾತು. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಪುರ್ತಗೇರಿ, ಗಜೇಂದ್ರಗಡ, ರೋಣ ಅಂದ್ರ ಮಳಿ ನೆಚ್ಚಿದ ಸೀಮಿ. ನೀರು ನಿಲ್ಲಿಸೋದೇ ನಮ್ಮ ಹಿರ್ಯಾರಿಗೆ ದೊಡ್ಡ ಕೆಲಸ ಆಗಿತ್ತು. ಸೂಡಿಯ ನಾಗಕುಂಡ, ಡಂಬಳದ ದೊಡ್ಡ ಕೆರಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದ್ರ ಕಟ್ಟೋದಕ್ಕಿಂತ ಉಳಿಸೋದು ಕಠಿಣ. ಅದಕ್ಕ ಹಳೇ ಕಾಲದಾಗ ಒಂದು ಏರ್ಪಾಡಿತ್ತು. ಶಾಸನಗಳಲ್ಲಿ ‘ಬಿತ್ತುವಟ್ಟ’ ಅನ್ನೋ ಮಾತು ಬರ್ತದ. ಕೆರಿ ಕಟ್ಟಿಸಿ ನೋಡಿಕೊಳ್ಳಲಿಕ್ಕೆ ಬಿಟ್ಟುಕೊಟ್ಟ ಭೂಮಿ ಅದು. ಹೂಳು ತೆಗೆಯೋದು, ಏರಿ ಭದ್ರ ಮಾಡೋದು ಯಾರ ದಯದ ಮ್ಯಾಲೂ ನಿಂತಿರಲಿಲ್ಲ. ಕೆರಿಗೆ ಅದರದೇ ಗಳಿಕೆ ಇತ್ತು.

ಈ ನಾಡನ್ನ ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ. 12ನೇ ಶತಮಾನದಾಗ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅದರಾಗ ‘ಮತ್ಸ್ಯವಿನೋದ’ ಅಂತ ಒಂದು ಅಧ್ಯಾಯನೇ ಐತಿ, ಗಾಳ ಹಾಕಿ ಮೀನು ಹಿಡಿಯೋದರ ಬಗ್ಗೆ! ಯಾವ ಮೀನು ಎಂಥಾ ನೀರಾಗಿರ್ತದ, ಅದಕ್ಕ ಏನು ತಿನಿಸಬೇಕು, ದಾರ ಹೆಂಗಿರಬೇಕು ಅಂತ ಬರೆದಾನ. ಭಾರತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ 1951ರಲ್ಲಿ ಇದರ ಮ್ಯಾಲೆ ಲೇಖನ ಬರೆದರು. ನನಗ ತಿಳಿದದ್ದು ಇಷ್ಟು: ಮೊದಲು ಮೀನಿಗೆ ನೀರು, ಆಹಾರ, ಗಾಳ ಆಮೇಲೆ.

ಮುಂದ 1369ರಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಇಂದಿನ ಆಂಧ್ರದ ಪೋರುಮಾಮಿಳ್ಳದಾಗ ಕೆರಿ ಕಟ್ಟಿಸಿ ಶಾಸನ ಬರೆಸಿದ. 1000 ಆಳು, 100 ಬಂಡಿ, 2 ವರ್ಷದ ಕೆಲಸ. ಒಳ್ಳೆ ಕೆರಿಗೆ 12 ಅಂಗ, ಕೆಟ್ಟ ಕೆರಿಗೆ 6 ದೋಷ ಅಂತ ಅದರಾಗ ಐತಿ. ಏರಿ ಸೋರೋದು ಒಂದು ದೋಷ, ಎರಡು ರಾಜ್ಯದ ಗಡಿಯಾಗ ಇರೋದು ಇನ್ನೊಂದು. ಇವತ್ತು ಕೆರಿ ಪಂಚಾಯ್ತಿದೋ, ನೀರಾವರಿ ಇಲಾಖೆದೋ, ಮೀನುಗಾರಿಕೆ ಇಲಾಖೆದೋ ಅಂತ ಕಡತ ಓಡಾಡೋದು ಕಂಡಾಗ ಆ ದೋಷ ನೆನಪಾಗ್ತದ.

ಬ್ರಿಟಿಷರ ಕಾಲಕ್ಕ ಇನಾಮು ಭೂಮಿ ತಪಾಸಣೆ ಆತು, ಕೆರಿ ಉಸ್ತುವಾರಿ ಊರ ಕೈಯಿಂದ ಕಚೇರಿಗೆ ಸರೀತು. 1897ರ ಮೀನುಗಾರಿಕೆ ಕಾಯ್ದೆ ನೀರಿಗೆ ಮದ್ದುಗುಂಡು, ವಿಷ ಹಾಕಿ ಮೀನು ಕೊಲ್ಲೋದನ್ನ ಅಪರಾಧ ಮಾಡ್ತು. ಅದೊಂದು ಒಳ್ಳೇದು. ಆದ್ರ ಬಿತ್ತುವಟ್ಟದ ಜಾಗಾ ತುಂಬೋದು ಯಾವುದೂ ಬರಲಿಲ್ಲ.

ಈಗ ಕೆರಿಗೆ ಇರೋ ಗಳಿಕೆ ಅಂದ್ರ ಮೀನು ಪಾಶುವಾರು ಹಕ್ಕಿನ ಗುತ್ತಿಗಿ. ಆ ರೊಕ್ಕದಾಗ ಒಂದು ಪಾಲು ಅದೇ ಕೆರಿ ಏರಿಗೆ, ಹೂಳಿಗೆ ತಿರುಗಿ ಬರಬೇಕು ಅನ್ನೋದು ನನ್ನ ವಾದ. ಇದು ದಾನ ಕೇಳಿದಂಗಲ್ಲ, ಹಳೇ ಲೆಕ್ಕನ.

ಮೀನಿನ ದೃಷ್ಟಿಯಿಂದ ನಾವು ಮಾಡಬಹುದಾದ್ದು ಇಷ್ಟು. ಬ್ಯಾಸಗ್ಯಾಗ ಹೂಳು ಹೊಲಕ್ಕ ಹೊಡಿಯೋವಾಗ ಕೆರಿ ಪೂರ್ತಿ ಬತ್ತಿಸಬ್ಯಾಡ್ರಿ, ನಡುವ ಒಂದು ಆಳದ ಮಡು ಬಿಡ್ರಿ. ಉಳಿದ ಮೀನು ಅಲ್ಲೇ ಬದುಕ್ತಾವ. ಅಂಚಿನ ತೆಳು ನೀರು, ಹುಲ್ಲು ಸ್ವಲ್ಪ ಇರಲಿ, ಸಣ್ಣ ಮರಿಗೆ ಅದೇ ಆಸರ. ಕಾಟ್ಲಾ ಮ್ಯಾಲಿನ ನೀರಾಗ, ರೋಹು ನಡುವ, ಮೃಗಾಲ್ ತಳದಾಗ ಮೇಯ್ತಾವ. ಮೂರೂ ಬಿಟ್ಟರ ಇಡೀ ಕೆರಿ ಬಳಕಿ ಆಗ್ತದ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬ್ಯಾಡ. ಸರ್ಕಾರ ನಿಷೇಧ ಮಾಡೇತಿ, ಸಿಕ್ಕ ಸಣ್ಣ ಮೀನೆಲ್ಲಾ ನುಂಗ್ತದ. ಕಳೆನಾಶಕ, ಕೀಟನಾಶಕದ ಪಂಪು ಕೆರ್ಯಾಗ ತೊಳೀಬ್ಯಾಡ್ರಿ.

ಇನ್ನು ಗಾಳದವರು. ಬಳ್ಳಾರಿ ಜಾಲಿ ಬೆಳೆದು ದಂಡಿಗೆ ಹೋಗೋ ಹಾದಿನೇ ಮುಚ್ಚಿದರ ಕೆರಿ ಕಡೆ ನೋಡೋವರೇ ಇರೂದಿಲ್ಲ. ಒಂದು ಬದಿ ಜಾಲಿ ಕಡಿದು ಕಾಲುಹಾದಿ ಮಾಡಿ, ಗುತ್ತಿಗಿದಾರರ ಒಪ್ಪಿಗೆ ತಗೊಂಡು ಗಾಳಕ್ಕಂತ ಜಾಗಾ ಬಿಡ್ರಿ. ಅಲ್ಲಿ ದಿನಾ ಕೂಡೋ ಮನಷ್ಯಾನೇ ಏರಿ ಸೋರಿದ್ದು, ನೀರು ನಾತ ಹೊಡೆದದ್ದು ಮೊದಲು ಹೇಳಾಂವ.

ಮುಂದಿನ ಗ್ರಾಮಸಭಾದಾಗ ಒಂದೇ ಪ್ರಶ್ನೆ ಕೇಳೋಣ: ನಮ್ಮ ಕೆರಿ ಮೀನಿನ ರೊಕ್ಕ ಎಷ್ಟು ಬಂತು, ಕೆರಿಗೆ ಎಷ್ಟು ಹೋತು? ನಿಮ್ಮೂರಾಗ ಲೆಕ್ಕ ಹೆಂಗೈತಿ, ತಿಳಿಸ್ರಿ.